ಆನೆ ಅಗ್ಗ, ಮೇವು ತುಟ್ಟಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಊರ ಹೊರವಲಯದ ಸೆಕೆಂಡ್ ಹ್ಯಾಂಡ್ ಕಾರ್ ಅಂಗಡಿ. ಸ್ವಿಫ್ಟ್, ಐ20, ಇನೋವಾಗಳ ಸಾಲಿನ ನಡುವೆ ಕಪ್ಪು ಬಣ್ಣದ ಆಡಿ ಕ್ಯೂ7 ಒಂದು, ಮದುವೆಮನೆಗೆ ಬಂದ ಮಂತ್ರಿಯ ಹಾಗೆ ಎರಡು ಕುರ್ಚಿಯ ಜಾಗ ಹಿಡಿದು ಕೂತಿದೆ. ಹುಡುಗನೊಬ್ಬ ಟೈರಿಗೆ ಪಾಲಿಶ್ ಹಚ್ಚಿ ಈಗಷ್ಟೇ ಎದ್ದಿದ್ದಾನೆ. ಮುಂದಿನ ಗಾಜಿಗೆ ಚೀಟಿ ಅಂಟಿಸಿದೆ: "2013, ಸಿಂಗಲ್ ಓನರ್, ಡಾಕ್ಟರ್ ಗಾಡಿ."

ಮನೆಯವರೆಲ್ಲ ಬಂದದ್ದು ಬಲೇನೊ ನೋಡಲು. ಆದರೆ ಮಗ ಆಗಲೇ ಕ್ಯೂ7 ಒಳಗೆ ಹತ್ತಿ ಸನ್‌ರೂಫ್ ಗುಂಡಿ ಹುಡುಕುತ್ತಿದ್ದಾನೆ. ಅಪ್ಪ ಸುಮ್ಮನೆ ಕೇಳಿದವರ ಹಾಗೆ ಬೆಲೆ ಕೇಳುತ್ತಾರೆ. "ಹನ್ನೊಂದೂವರೆ ಸಾರ್. ಕೂತು ಮಾತಾಡೋಣ" ಎನ್ನುತ್ತಾನೆ ಅಂಗಡಿಯವನು. ಅಪ್ಪನ ತಲೆಯಲ್ಲಿ ಲೆಕ್ಕ ಶುರು. ಹೊಸ ಬ್ರೆಝಾಗೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಶಾಸಕರು ಓಡಾಡುತ್ತಿದ್ದ ಗಾಡಿ ಬ್ರೆಝಾ ಬೆಲೆಗೆ ಸಿಗುತ್ತದೆಂದರೆ ಬಿಡುವುದು ಹೇಗೆ?

ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿರುತ್ತದೆ. ಹಳೆಯ ದುಬಾರಿ ಕಾರಿನ ಬೆಲೆಗೆ ವಯಸ್ಸಾಗುತ್ತದೆ, ಅದರ ಬಿಲ್ಲಿಗೆ ಆಗುವುದಿಲ್ಲ. ಹನ್ನೊಂದು ಲಕ್ಷಕ್ಕೆ ಕೊಂಡ ಕ್ಯೂ7 ರಿಪೇರಿಗೆ ನಿಂತಾಗ ತನ್ನನ್ನು ತಾನು ಅರವತ್ತು ಲಕ್ಷದ ಗಾಡಿ ಎಂದೇ ತಿಳಿದಿರುತ್ತದೆ. ಅದರ ಬ್ರೇಕ್ ಪ್ಯಾಡು, ಸೆನ್ಸರು, ಟೈರು ಯಾವುದೂ ಸೆಕೆಂಡ್ ಹ್ಯಾಂಡ್ ಬೆಲೆಗೆ ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆಗೆ ಚಕ್ರ ಕಟ್ಟಿದರೆ ಹೀಗೇ ಇರುತ್ತದೆ.

ಫಾರ್ಚೂನರ್ ಪಕ್ಕ ನಿಲ್ಲಿಸಿ ನೋಡಿ

ಮೊದಲ ತಲೆಮಾರಿನ ಕ್ಯೂ7 ಜಗತ್ತಿನಲ್ಲಿ ಕಾಣಿಸಿಕೊಂಡದ್ದು 2005ರಲ್ಲಿ. ಆಡಿ ಕಂಪನಿ ಭಾರತದಲ್ಲಿ ತನ್ನದೇ ಮಾರಾಟ ವಿಭಾಗ ತೆರೆದದ್ದು 2007ರಲ್ಲಿ. ಮುಂದಿನ ಎಂಟು ವರ್ಷ ಚಿತ್ರನಟರು, ಬಿಲ್ಡರುಗಳು, ರಾಜಕಾರಣಿಗಳು 'ದೊಡ್ಡ ಗಾಡಿ' ಅಂದರೆ ಇದನ್ನೇ ತೋರಿಸುತ್ತಿದ್ದರು. 2015ರ ಕೊನೆಗೆ ಎರಡನೇ ತಲೆಮಾರಿನದು ಬಂತು, ಹಳೆಯದರ ಬೆಲೆ ಜಾರತೊಡಗಿತು.

ಐಷಾರಾಮಿ ಗಾಡಿ ಕೊಳ್ಳುವವರು ಹೊಸದನ್ನೇ ಬಯಸುವವರು. ಮೂರು, ನಾಲ್ಕು ವರ್ಷಕ್ಕೆ ಬದಲಾಯಿಸುತ್ತಾರೆ. ವಾರಂಟಿ ಮುಗಿದ ಗಾಡಿಯ ಬಗ್ಗೆ ಅವರಿಗೆ ಭಯ, ನಮ್ಮಂಥವರಿಗೆ ಆಸೆ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇಕಡಾ 50 ಇದ್ದದ್ದು ಶೇಕಡಾ 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದು ಇನ್ನೂ ಒಂದು ಮೆಟ್ಟಿಲು ಇಳಿಯಲೇಬೇಕು.

ಆದರೆ ಇದಿಷ್ಟೇ ಕಾರಣವಾಗಿದ್ದರೆ ಎಲ್ಲ ಹಳೆಯ ದೊಡ್ಡ ಗಾಡಿಗಳೂ ಒಂದೇ ಸಮ ಬೀಳಬೇಕಿತ್ತು. ಅದೇ ಅಂಗಡಿಯಲ್ಲಿ ಅದೇ ವರ್ಷದ ಟೊಯೋಟಾ ಫಾರ್ಚೂನರ್ ಇದೆಯೇ ನೋಡಿ. 2009ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಗಾಡಿ ಅದು. ಹೊಸದಿದ್ದಾಗ ಕ್ಯೂ7ನ ಅರ್ಧ ಬೆಲೆಯೂ ಇರಲಿಲ್ಲ. ಇವತ್ತು ಎರಡೂ ಹೆಚ್ಚುಕಡಿಮೆ ಒಂದೇ ಚೀಟಿ ಅಂಟಿಸಿಕೊಂಡು ನಿಂತಿರುತ್ತವೆ. ಕೆಲವೊಮ್ಮೆ ಫಾರ್ಚೂನರ್‌ದೇ ಒಂದು ಕೈ ಮೇಲೆ.

ಮಾರುಕಟ್ಟೆ ದಡ್ಡನಲ್ಲ. ಆ ಕ್ಯೂ7 ಮುಂದಿನ ನಾಲ್ಕೈದು ವರ್ಷದಲ್ಲಿ ನುಂಗಬಹುದಾದ ದುಡ್ಡನ್ನು ಅದು ಬೆಲೆಯಿಂದ ಈಗಲೇ ಕಳೆದುಬಿಟ್ಟಿದೆ. ನಿಮಗೆ ಸಿಗುತ್ತಿರುವುದು ರಿಯಾಯಿತಿಯಲ್ಲ, ಮುಂಗಡವಾಗಿ ನಿಮ್ಮ ಕೈಗೆ ಕೊಟ್ಟ ರಿಪೇರಿ ದುಡ್ಡು. ಅದನ್ನು ಮ್ಯೂಸಿಕ್ ಸಿಸ್ಟಮ್‌ಗೋ ಗೋವಾ ಪ್ರವಾಸಕ್ಕೋ ಖರ್ಚು ಮಾಡಿದವರೇ ಮುಂದೆ ಅದೇ ಅಂಗಡಿಗೆ ಗಾಡಿ ಮಾರಲು ಬರುವವರು.

ಗಾಳಿಯ ಮೇಲೆ ಕೂತ ಗಾಡಿ

ಹೋದ ವರ್ಷ ಭಾವನ ಜೊತೆ ಇಂಥದೇ ಒಂದು ಗಾಡಿ ನೋಡಲು ಹೋಗಿದ್ದೆ. ಮಾರುವವರ ಮನೆಯ ಮುಂದೆ ನಿಂತಿತ್ತು. ಬಣ್ಣ ಕನ್ನಡಿ. ಒಳಗಿನ ಚರ್ಮ ನೀಟು. ಭಾವ ಆಗಲೇ ಮನಸ್ಸಿನಲ್ಲಿ ನಂಬರ್ ಪ್ಲೇಟಿಗೆ ನಿಂಬೆಹಣ್ಣು ಕಟ್ಟಿಯಾಗಿತ್ತು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಮಾತ್ರ ಬಾನೆಟ್ ಕಡೆ ಹೋಗಲೇ ಇಲ್ಲ. ಜೇಬಿನಿಂದ ದರ್ಜಿಯ ಟೇಪು ತೆಗೆದು, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಅಂಗೈ ಮೇಲೆ ಬರೆದುಕೊಂಡ. "ಕಾಫಿ ಕುಡಿಯೋಣ ಬನ್ನಿ ಸಾರ್" ಅಂದ.

ಮಾರುವವರೇ ಕಾಫಿ ಕೊಟ್ಟರು. ಮುಕ್ಕಾಲು ಗಂಟೆ ಹವಾಮಾನ, ಜಾಗದ ರೇಟು ಎಲ್ಲ ಮಾತಾಡಿದೆವು. ಮತ್ತೆ ಬಂದು ಅಳೆದಾಗ ಹಿಂದಿನ ಎಡ ಮೂಲೆ ಒಂದು ಬೆರಳು ಕೆಳಗೆ ಕೂತಿತ್ತು. ಕಣ್ಣಿಗೆ ಕಾಣದಷ್ಟು. ಟೇಪಿಗೆ ಕಾಣುವಷ್ಟು.

ಇಂಥ ಅನೇಕ ಗಾಡಿಗಳ ಅಡಿಯಲ್ಲಿ ಕಬ್ಬಿಣದ ಸ್ಪ್ರಿಂಗ್ ಇರುವುದಿಲ್ಲ. ದಪ್ಪ ರಬ್ಬರಿನ ಚೀಲದಲ್ಲಿ ಗಾಳಿ ತುಂಬಿ ಗಾಡಿಯನ್ನು ಅದರ ಮೇಲೆ ಕೂರಿಸಿರುತ್ತಾರೆ. ಗಾಳಿ ತುಂಬಲು ಒಂದು ಕಂಪ್ರೆಸರ್, ಯಾವ ಮೂಲೆಗೆ ಎಷ್ಟು ಎಂದು ಹಂಚಲು ಒಂದು ವಾಲ್ವ್ ಪೆಟ್ಟಿಗೆ, ಎತ್ತರ ಅಳೆಯಲು ಸೆನ್ಸರುಗಳು. ಗುಂಡಿ ಬಿದ್ದ ರಸ್ತೆಯಲ್ಲೂ ಜೋಲಿಯಲ್ಲಿ ಮಲಗಿದ ಹಾಗೆ ಅನಿಸುವುದು ಇದರಿಂದಲೇ.

ರಬ್ಬರಿಗೆ ವಯಸ್ಸಾದರೆ ಮಡಿಕೆಗಳಲ್ಲಿ ಬಿರುಕು. ಬಿರುಕಿನಿಂದ ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಕೊನೆಗೆ ಅದೂ ಸುಟ್ಟುಹೋಗುತ್ತದೆ. ಒಂದು ಚೀಲದ ರೋಗ ಹೀಗೆ ಇಡೀ ಮನೆಗೆ ಹರಡುತ್ತದೆ. ಒಂದು ಮೂಲೆ ರಿಪೇರಿ ಮಾಡಿಸಿ ಮೂರು ಬಿಟ್ಟರೆ ಉಳಿದವೂ ಅದೇ ವಯಸ್ಸಿನವು, ಸರದಿಯಲ್ಲಿ ನಿಂತಿರುತ್ತವೆ. ಇದರಿಂದ ಬೇಸತ್ತು ಗಾಳಿಚೀಲ ಕಿತ್ತು ಕಬ್ಬಿಣದ ಸ್ಪ್ರಿಂಗ್ ಹಾಕಿಸಿಕೊಂಡವರೂ ಇದ್ದಾರೆ. ಓಡುತ್ತದೆ, ಆದರೆ ಯಾವ ಸುಖಕ್ಕಾಗಿ ಈ ಗಾಡಿ ಕೊಂಡಿರೋ ಅದೇ ಹೋಗಿರುತ್ತದೆ.

ಭಾವ ಆವತ್ತು ನಿಂಬೆಹಣ್ಣು ಬಿಚ್ಚಿದರು. ಮೆಕ್ಯಾನಿಕ್‌ಗೆ ಕೊಟ್ಟ ಎರಡು ಸಾವಿರ ಜಾಸ್ತಿಯಾಯಿತು ಎಂದು ದಾರಿಯುದ್ದಕ್ಕೂ ಗೊಣಗಿದ್ದು ಬೇರೆ ಮಾತು.

ವಾಷರ್ ಅಗ್ಗ, ಬಿಚ್ಚುವ ಕೂಲಿ ದುಬಾರಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಪಾರ್ಟ್ ಸಿಕ್ಕಿಬಿಟ್ಟರೆ ಅರ್ಧ ಕೆಲಸ ಆಯಿತು ಎಂದು ನಾವು ಅಂದುಕೊಂಡಿರುತ್ತೇವೆ. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಅದು ನಿಜವೇ ಇತ್ತು. ಈ ಗಾಡಿಗಳಲ್ಲಿ ದುಡ್ಡು ತಿನ್ನುವುದು ಬಹಳ ಸಲ ಪಾರ್ಟ್ ಅಲ್ಲ, ಪಾರ್ಟ್ ಇರುವ ಜಾಗ.

ಮರ್ಸಿಡಿಸ್‌ನ ಎಂಎಲ್, ಜಿಎಲ್ ಗಾಡಿಗಳಲ್ಲಿ ಬರುವ ಮೂರು ಲೀಟರ್ ವಿ6 ಡೀಸೆಲ್ ಎಂಜಿನ್ ಗಟ್ಟಿಮುಟ್ಟು ಎಂದು ಹೆಸರಾದದ್ದು. ಅದಕ್ಕೊಂದು ಹಳೆಯ ಕಾಯಿಲೆ ಇದೆ. ಎಂಜಿನ್ ಎಣ್ಣೆ ತಂಪು ಮಾಡುವ ಕೂಲರ್‌ನ ಕೆಳಗಿರುವ ರಬ್ಬರ್ ಸೀಲು ಕಾಲಾಂತರದಲ್ಲಿ ಗಟ್ಟಿಯಾಗಿ ಎಣ್ಣೆ ಸೋರಲು ಶುರುವಾಗುತ್ತದೆ. ಸೀಲಿನ ಬೆಲೆ ಕೇಳಿದರೆ ನಗು ಬರುವಷ್ಟು ಕಡಿಮೆ. ಆದರೆ ಆ ಕೂಲರ್ ಇರುವುದು ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಮೇಲಿನ ಟರ್ಬೊ, ಗಾಳಿಯ ಕೊಳವೆಗಳು ಎಲ್ಲ ಬಿಚ್ಚಬೇಕು. ಬೆರಳಗಲದ ಸೀಲಿಗೆ ದಿನಗಟ್ಟಲೆ ಕೂಲಿ. ಬಿಚ್ಚಿದ ಮೇಲೆ ಅಲ್ಲಿ ಹಳೆಯದಾದ ಇನ್ನೂ ನಾಲ್ಕು ಸಾಮಾನು ಕಣ್ಣಿಗೆ ಬೀಳುತ್ತವೆ. "ಹೇಗೂ ಬಿಚ್ಚಿದೀವಿ ಸಾರ್, ಇದನ್ನೂ ಹಾಕ್ಬಿಡೋಣ" ಎನ್ನುವ ಮಾತು ಬರುವುದು ಆಗ. ಅದು ಮೋಸವಲ್ಲ, ಸರಿಯಾದ ಸಲಹೆಯೇ. ಬಿಲ್ಲು ಮಾತ್ರ ಇನ್ನೊಂದು ಸೊನ್ನೆಯ ಕಡೆ ನಡೆಯುತ್ತಿರುತ್ತದೆ.

ಕ್ಯೂ7ನ 2,967 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಚೈನು ಸಡಿಲವಾದರೆ, ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಸವೆದರೆ, ಗೇರ್‌ಬಾಕ್ಸೋ ಎಂಜಿನ್ನೋ ಒಂದು ಹೊರಗೆ ಬರಬೇಕು. ಬಿಎಂಡಬ್ಲ್ಯುನ ಕೆಲವು ಡೀಸೆಲ್ ಎಂಜಿನ್ನುಗಳದ್ದೂ ಇದೇ ಕಥೆ. ರೋಗದ ಲಕ್ಷಣ ಒಂದೇ: ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಕೆಲವು ಸೆಕೆಂಡು ಸರಪಳಿ ಅಲುಗಾಡಿಸಿದ ಹಾಗೆ ಗಲಗಲ ಸದ್ದು. ಎಣ್ಣೆ ಏರಿ ಎಂಜಿನ್ ಬಿಸಿಯಾದ ಮೇಲೆ ಏನೂ ಕೇಳುವುದಿಲ್ಲ.

ಗೇರ್‌ಬಾಕ್ಸ್ ಎಣ್ಣೆಯ ವಿಷಯದಲ್ಲಿ ಒಂದು ಮಾತು. "ಈ ಗಾಡಿಗೆ ಗೇರ್ ಆಯಿಲ್ ಬದಲಾಯಿಸೋದೇ ಬೇಡ, ಲೈಫ್‌ಟೈಮ್" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಬಿಎಂಡಬ್ಲ್ಯು ಗಾಡಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ ಎಣ್ಣೆ ಬದಲಿಸಿ ಎನ್ನುತ್ತದೆ. ಕಾರು ಮಾರುವವರಿಗೆ ಲೈಫ್‌ಟೈಮ್ ಅಂದರೆ ಮೊದಲ ಮಾಲೀಕನ ಲೈಫ್‌ಟೈಮ್ ಅಷ್ಟೇ ಇರಬೇಕು.

ಸಮಾಧಾನದ ಸಂಗತಿಯೂ ಇದೆ. ಕ್ಯೂ7, ಪೋರ್ಷೆ ಕೇಯೆನ್, ಫೋಕ್ಸ್‌ವ್ಯಾಗನ್ ಟುವಾರೆಗ್ ಮೂರೂ ಒಂದೇ ತಳಹದಿಯ ಮೇಲೆ ಎದ್ದ ದಾಯಾದಿಗಳು. ಸ್ಲೊವಾಕಿಯಾದ ಬ್ರಾಟಿಸ್ಲಾವಾ ಕಾರ್ಖಾನೆಯ ನೀರು ಮೂರಕ್ಕೂ ಗೊತ್ತು. ಎಷ್ಟೋ ಸಾಮಾನುಗಳ ಪಾರ್ಟ್ ನಂಬರ್ ಒಂದೇ ಮನೆತನದ್ದು. ತಿಳಿದ ಮೆಕ್ಯಾನಿಕ್ ಸಿಕ್ಕರೆ ಅದೇ ಸಾಮಾನನ್ನು ಕಾರು ಕಂಪನಿಯ ಲೋಗೊ ಇಲ್ಲದ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ತರಿಸುತ್ತಾನೆ. ಮೈಕೋ ಪಂಪುಗಳ ಜೊತೆ ಬೆಳೆದ ಬೆಂಗಳೂರಿನಲ್ಲಿ ಡೀಸೆಲ್ ಬಲ್ಲವರಿಗೆ ಬರವಿಲ್ಲ. ಆದ್ದರಿಂದ ಗಾಡಿ ಹುಡುಕುವ ಮೊದಲು ಆ ಮೆಕ್ಯಾನಿಕ್‌ನನ್ನು ಹುಡುಕಿ. ನಿಮ್ಮ ಊರಿನಿಂದ ನೂರು ಕಿಲೋಮೀಟರ್ ಒಳಗೆ ಅಂಥವನು ಇಲ್ಲವೆಂದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಇನೋವಾ ನೋಡಲು ಹೋಗಬಹುದು.

ಸೀಟ್ ಬೆಲ್ಟಿನ ಕೊನೆಯಲ್ಲಿ ಮಣ್ಣು

2022ರ ಸೆಪ್ಟೆಂಬರ್ ನೆನಪಿದೆಯೇ? ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ, ಯಮಲೂರಿನ ಸುತ್ತ ಕೆರೆ ಉಕ್ಕಿ ಕೋಟಿಗಟ್ಟಲೆ ಬೆಲೆಯ ಮನೆಗಳ ಒಳಗೆ ನೀರು ನುಗ್ಗಿತ್ತು. ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಬೆಂಟ್ಲಿ, ಆಡಿ, ಲೆಕ್ಸಸ್‌ಗಳು ಬಾನೆಟ್‌ವರೆಗೆ ಮುಳುಗಿದ ಚಿತ್ರಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿದೆವು. ಅದಕ್ಕೂ ಮೊದಲು 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ.

ಮುಳುಗಿದ ಗಾಡಿಗಳೆಲ್ಲ ಗುಜರಿಗೆ ಹೋಗುವುದಿಲ್ಲ. ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ಬರೆದ ಗಾಡಿ ಹರಾಜಾಗುತ್ತದೆ. ಕೊಂಡವರು ಒಣಗಿಸಿ, ಸೀಟು ಹೊಲಿಸಿ, ಬೇರೆ ಊರಿಗೆ ಸಾಗಿಸುತ್ತಾರೆ. ಹಳೆಯ ಸಣ್ಣ ಕಾರಾದರೆ ನೀರು ಕುಡಿದರೂ ಚೇತರಿಸಿಕೊಳ್ಳಬಹುದು. ಮೈತುಂಬ ಕಂಪ್ಯೂಟರ್ ಇರುವ ಈ ಗಾಡಿಗಳು ಪೂರ್ತಿ ಚೇತರಿಸಿಕೊಳ್ಳುವುದು ಅಪರೂಪ. ಕ್ಯೂ7ನಲ್ಲಿ ಬ್ಯಾಟರಿ ಇರುವುದು ಬಾನೆಟ್ ಒಳಗಲ್ಲ, ಮುಂದಿನ ಸೀಟಿನ ಅಡಿಯಲ್ಲಿ. ನೆಲದ ಕಾರ್ಪೆಟ್ಟಿನ ಕೆಳಗೆಲ್ಲ ವೈರು. ತಿಂಗಳುಗಳ ಮೇಲೆ ಒಂದು ಕಿಟಕಿ ಕೆಲಸ ಬಿಡುತ್ತದೆ, ಆಮೇಲೆ ಹಾರ್ನು ತಾನಾಗಿ ಕೂಗುತ್ತದೆ. ದೆವ್ವ ಹಿಡಿದಿದೆ ಎಂದು ಪೂಜೆ ಮಾಡಿಸಿದರೂ ಆಶ್ಚರ್ಯವಿಲ್ಲ.

ನೀರು ಕುಡಿದದ್ದನ್ನು ಕಂಡುಹಿಡಿಯಲು ಯಂತ್ರ ಬೇಡ. ಎಲ್ಲ ಸೀಟ್ ಬೆಲ್ಟುಗಳನ್ನೂ ಕೊನೆಯವರೆಗೆ ಎಳೆಯಿರಿ. ತೊಳೆದವನು ಹೊರಗಿನ ಅರ್ಧವನ್ನು ತೊಳೆದಿರುತ್ತಾನೆ, ಸುರುಳಿಯ ಒಳಗಿನದನ್ನಲ್ಲ. ಅಲ್ಲಿ ಟೀ ಬಣ್ಣದ ಗೆರೆ ಕಂಡರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಗೊತ್ತಾಯಿತು. ಸೀಟು ಹಿಂದೆ ಮುಂದೆ ಸರಿಯುವ ಹಳಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ? ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ ಒಣಗಿದ ಕೆಸರಿದೆಯೇ? ಕಿಟಕಿ ಮುಚ್ಚಿ ಎಸಿ ಹಾಕಿ ಐದು ನಿಮಿಷ ಕೂತುಕೊಳ್ಳಿ. ಊದುಬತ್ತಿಯ ಪರಿಮಳ ಅತಿಯಾಗಿದ್ದರೆ ಅದರ ಹಿಂದೆ ಇನ್ನೊಂದು ವಾಸನೆ ಇರುತ್ತದೆ.

ಇನ್ನು ಮೀಟರ್. ಹನ್ನೆರಡು ವರ್ಷದ ಗಾಡಿ 48,000 ಕಿಲೋಮೀಟರ್ ತೋರಿಸುತ್ತಿದ್ದರೆ ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಚಾಲಕನ ಸೀಟಿನ ಬಲ ಅಂಚು ನೋಡಿ. ಮೀಟರನ್ನು ಲ್ಯಾಪ್‌ಟಾಪಿನಲ್ಲಿ ಹಿಂದೆ ತಿರುಗಿಸಬಹುದು, ಹತ್ತಿ ಇಳಿದು ಸವೆದ ಚರ್ಮವನ್ನು ತಿರುಗಿಸಲಾಗದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೇ ಟ್ರೆಡ್ ಉಳಿದಿದ್ದರೂ ಅಷ್ಟು ಹಳೆಯ ರಬ್ಬರಿನ ಮೇಲೆ 2,300 ಕಿಲೋ ತೂಕದ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ. ಇಪ್ಪತ್ತು ಇಂಚಿನ ಹೊಸ ಟೈರು ನಾಲ್ಕು ಹಾಕಿಸಿದರೆ ಲಕ್ಷ ದಾಟುತ್ತದೆ. ಆ ಲಕ್ಷವನ್ನು ಚೌಕಾಸಿಯಲ್ಲೇ ಕಳೆಯಿರಿ.

ದಿಲ್ಲಿಯಿಂದ ಬಂದ ಅಗ್ಗ

"ಡಿಎಲ್ ಗಾಡಿ ಸಾರ್, ಅದಕ್ಕೇ ಈ ರೇಟು." ಈ ಮಾತು ಕೇಳಿದವರು ಬಹಳ ಮಂದಿ. ಹಿನ್ನೆಲೆ ಹೀಗಿದೆ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದು ಎಂದಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು, ಪೆಟ್ರೋಲಿಗೆ ಹದಿನೈದು ವರ್ಷ ಎಂದಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದು ಎಂಬ ನಿಯಮ ಬಂದು ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಹೀಗೆ ಹಗ್ಗಜಗ್ಗಾಟ ನಡೆಯುವಾಗ ಅಲ್ಲಿನ ಮಾಲೀಕರು ಒಂಬತ್ತನೇ ವರ್ಷಕ್ಕೇ ಗಾಡಿ ದಾಟಿಸಿಬಿಡುತ್ತಾರೆ. ಹಾಗಾಗಿ ಅಗ್ಗ. ಇದರಲ್ಲಿ ಕಳ್ಳತನವೇನಿಲ್ಲ.

ಲೆಕ್ಕ ತಪ್ಪುವುದು ನಮ್ಮ ಗಡಿಯೊಳಗೆ ಬಂದ ಮೇಲೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಇಲ್ಲಿನ ನಂಬರ್ ಆಗಲೇಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಮಾನ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್. ಇದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಹತ್ತು ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಅರವತ್ತು ಲಕ್ಷದ ಗಾಡಿಗೆ ಅದು ಸುಮಾರು ಹನ್ನೆರಡು ಲಕ್ಷ. ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕಡಿತ ಸಿಗುತ್ತದೆ, ನಿಜ. ಆದರೂ ಉಳಿಯುವುದು ಲಕ್ಷಗಳಲ್ಲೇ. ದಿಲ್ಲಿಯಲ್ಲಿ ಉಳಿಸಿದ್ದನ್ನು ಆರ್‌ಟಿಒ ಕಿಟಕಿಯಲ್ಲಿ ಕಟ್ಟಿ ಬರುತ್ತೀರಿ.

ಕಟ್ಟದೆ ಓಡಿಸುವವರೂ ಇದ್ದರು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ದಿನ ಇಂಥ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಬಾಕಿ ತೆರಿಗೆ ಸುಮಾರು 3 ಕೋಟಿ ರೂಪಾಯಿ. ಅದೇ ವರ್ಷದ ಜುಲೈನಲ್ಲಿ ಎರಡು ರೋಲ್ಸ್ ರಾಯ್ಸ್ ಕಾರುಗಳ ಸುದ್ದಿ ಬಂತು. ಹೊಸ ಮಾಲೀಕರು ಬೆಂಗಳೂರಿನವರು, ಆರ್‌ಸಿಯಲ್ಲಿ ಮಾತ್ರ ಇನ್ನೂ ಇಬ್ಬರು ಹಿಂದಿ ಚಿತ್ರನಟರ ಹೆಸರು. ಎರಡೂ ಗಾಡಿಗೆ ಸೇರಿ ಕಟ್ಟಬೇಕಾದದ್ದು 38 ಲಕ್ಷಕ್ಕೂ ಹೆಚ್ಚು.

ದಪ್ಪ ಫೈಲಿನ ಬೆಲೆ

ಗಾಡಿಯ ಕಾಗದ ನೋಡುವುದೆಂದರೆ ಆರ್‌ಸಿ ಕಾರ್ಡನ್ನು ತಿರುಗಿಸಿ ನೋಡಿ ವಾಪಸು ಕೊಡುವುದಲ್ಲ. ಅದರಲ್ಲಿರುವ ಚಾಸಿ ನಂಬರು, ಗಾಡಿಯ ಮೈಮೇಲೆ ಕೊರೆದಿರುವ ನಂಬರು, ಸರ್ಕಾರದ ವಾಹನ್ ಜಾಲತಾಣದಲ್ಲಿರುವ ವಿವರ ಮೂರೂ ತಾಳೆಯಾಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 'ನುಮ್ಖೋರ್' ಎಂಬ ಹೆಸರಿನಲ್ಲಿ ಕಾರ್ಯಾಚರಣೆ ನಡೆಸಿ, ಭೂತಾನದಿಂದ ಸುಂಕ ತಪ್ಪಿಸಿ ತಂದವು ಎನ್ನಲಾದ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್‌ಗಳನ್ನು ಕೇರಳದಲ್ಲಿ ಹಿಡಿದರು. ಹೆಸರಾಂತ ನಟರ ಮನೆಗಳಲ್ಲೂ ಶೋಧ ನಡೆಯಿತು. ಆಮದಾದ ಹಳೆಯ ಗಾಡಿ ಕೊಳ್ಳುವವರು ಮೊದಲ ನೋಂದಣಿ ಎಲ್ಲಿ, ಯಾವ ಬಿಲ್ಲಿನ ಮೇಲೆ ಆಯಿತು ಎಂದು ಕೇಳಲು ನಾಚಬಾರದು.

ಸಾಲದಲ್ಲಿ ಕೊಂಡ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಿಗೆ ಫಾರಂ 29, 30. ಬೇರೆ ರಾಜ್ಯಕ್ಕೋ ಬೇರೆ ಆರ್‌ಟಿಒಗೋ ಹೋಗುವುದಾದರೆ ಫಾರಂ 28. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗೆ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಇರಬೇಕು, ಗಾಡಿ ಅವರ ವಶಕ್ಕೆ ಬಂದದ್ದು ದಾಖಲಾಗಬೇಕು. ಬಾಕಿ ಟ್ರಾಫಿಕ್ ದಂಡವನ್ನೂ ಆನ್‌ಲೈನ್‌ನಲ್ಲಿ ನೋಡಿ. ಡಾಕ್ಟರ್ ಗಾಡಿ ಎಂದು ಹೇಳಿದ್ದು ಎಷ್ಟು ಸಿಗ್ನಲ್ ಹಾರಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ವಯಸ್ಸಿನ ಗಡಿಯೂ ಗಮನದಲ್ಲಿರಲಿ. 2011ರ ಗಾಡಿಗೆ 2026ರಲ್ಲಿ ಹದಿನೈದು ತುಂಬುತ್ತದೆ. ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಮೊದಲ ನವೀಕರಣದ ಶುಲ್ಕ ಇಲ್ಲಿಯ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000.

ಇದೆಲ್ಲಕ್ಕಿಂತ ನಾನು ತೂಕ ಕೊಡುವುದು ಬಿಲ್ಲುಗಳ ಫೈಲಿಗೆ. ಕಳೆದ ನಾಲ್ಕು ವರ್ಷದಲ್ಲಿ ಗಾಳಿಚೀಲ ಬದಲಾಯಿಸಿದ್ದು, ಕೂಲರ್ ಸೀಲು ಹಾಕಿಸಿದ್ದು, ಗೇರ್ ಆಯಿಲ್ ಬದಲಿಸಿದ್ದು ಎಲ್ಲಕ್ಕೂ ಬಿಲ್ ಇರುವ ಒಂದೂವರೆ ಲಕ್ಷ ಕಿಲೋಮೀಟರ್‌ನ ಗಾಡಿ, ಒಂದೂ ಬಿಲ್ಲಿಲ್ಲದ ಅರವತ್ತು ಸಾವಿರದ ಗಾಡಿಗಿಂತ ಮೇಲು. ಹಿಂದಿನವನು ಐದು ಲಕ್ಷ ಸುರಿದ ಗಾಡಿಯನ್ನು ಜನ "ಅಯ್ಯೋ, ಭಾರಿ ಕೆಲಸ ಆಗಿದೆ" ಎಂದು ಬಿಟ್ಟುಬರುತ್ತಾರೆ. ಆ ಐದು ಲಕ್ಷ ನಿಮ್ಮ ಪರವಾಗಿ ಅವನು ಕೊಟ್ಟದ್ದು.

ಮನೆಗೆ ಬಂದ ಮೇಲೆ

ಕ್ಯೂ7ನ ಡೀಸೆಲ್ ಟ್ಯಾಂಕ್ 100 ಲೀಟರಿನದು. ಮೊದಲ ಸಲ ಫುಲ್ ಟ್ಯಾಂಕ್ ಎಂದು ಹೇಳಿ ಮೀಟರ್ ನೋಡುತ್ತ ನಿಲ್ಲುವುದು ಒಂದು ಅನುಭವ. ಗಾಡಿಯ ಉದ್ದ ಐದು ಮೀಟರ್‌ಗಿಂತ ಜಾಸ್ತಿ, ಅಗಲ ಹತ್ತಿರ ಹತ್ತಿರ ಎರಡು ಮೀಟರ್. ಅಪಾರ್ಟ್‌ಮೆಂಟಿನ ಕಂಬಗಳ ನಡುವಿನ ಜಾಗವನ್ನು ಕೊಳ್ಳುವ ಮುಂಚೆಯೇ ಅಳೆಯಿರಿ. ಕೊಂಡ ಮೇಲೆ ಅಳೆದವರು ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ.

ವಿಮೆಯಲ್ಲಿ ಒಂದು ವಿಚಿತ್ರವಿದೆ. 1,500 ಸಿಸಿ ಮೀರಿದ ಯಾವುದೇ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು 2022ರಿಂದ ವರ್ಷಕ್ಕೆ 7,897 ರೂಪಾಯಿ. ಇನೋವಾಗೂ ಅಷ್ಟೇ, ರೇಂಜ್ ರೋವರ್‌ಗೂ ಅಷ್ಟೇ. ಆದರೆ ಸ್ವಂತ ಗಾಡಿಯ ಹಾನಿಗೆ ಬೇರೆ ಲೆಕ್ಕ. ಹತ್ತು ವರ್ಷ ದಾಟಿದ ಗಾಡಿಗೆ ಜೀರೊ ಡೆಪ್ರಿಸಿಯೇಷನ್ ಪಾಲಿಸಿ ಸಿಗುವುದು ಕಷ್ಟ. ಒಂದು ಹೆಡ್‌ಲೈಟ್ ಒಡೆದರೆ ವಿಮೆ ಕೊಡುವುದು ಅದರ ಒಂದು ಪಾಲು, ಉಳಿದದ್ದು ನಿಮ್ಮ ಜೇಬು. ಹಿಂದಿನ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಯೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್ ಓಡಾಟಕ್ಕೆ ಇದು ಒಗ್ಗುವ ಗಾಡಿಯಲ್ಲ. ಹೊಗೆ ಸೋಸುವ ಫಿಲ್ಟರ್ ಇರುವ ಡೀಸೆಲ್ ಎಂಜಿನ್ನಿಗೆ ಆಗಾಗ ಹೆದ್ದಾರಿಯ ಓಟ ಬೇಕು. ಇಲ್ಲದಿದ್ದರೆ ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ. ತಿಂಗಳಿಗೆರಡು ಸಲ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವವರಿಗೆ ಈ ಗಾಡಿ ಖುಷಿ ಕೊಡುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ತರಕಾರಿ ತರುವುದಕ್ಕೆ ಬೇಡ.

ಹಾಗಾದರೆ ಕೊಳ್ಳಲೇಬಾರದೇ?

ಕೊಳ್ಳಬಹುದು. ಶಿರಾಡಿ ಘಾಟಿಯ ತಿರುವಿನಲ್ಲಿ ಹನ್ನೆರಡು ವರ್ಷದ ಕ್ಯೂ7 ರಸ್ತೆ ಕಚ್ಚಿ ಏರುವುದನ್ನು, ಒಳಗೆ ಕೂತ ಅಜ್ಜಿ ನಿದ್ದೆಯಿಂದ ಎಚ್ಚರವಾಗದೇ ಇರುವುದನ್ನು ನೋಡಿದವನು ನಾನು. ಬ್ರೆಝಾ ಬೆಲೆಗೆ ಆ ಸುಖ ಇನ್ನೆಲ್ಲೂ ಸಿಗುವುದಿಲ್ಲ. ನನ್ನ ಷರತ್ತು ಇಷ್ಟೇ: ಗಾಡಿಗೆ ಕೊಡುವ ದುಡ್ಡಿನ ಅರ್ಧದಷ್ಟು ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ಸಾಲ ಮಾಡಿ ಹನ್ನೊಂದು ಲಕ್ಷ ಹೊಂದಿಸುವವರು ಏಳು ಲಕ್ಷದ ಗಾಡಿ ನೋಡಲಿ. ಮನೆಯಲ್ಲಿ ಇನ್ನೊಂದು ವಾಹನವೂ ಇರಬೇಕು. ಯಾಕೆಂದರೆ ಜರ್ಮನಿಯಿಂದ ಬರಬೇಕಾದ ಒಂದು ಸೆನ್ಸರಿಗಾಗಿ ಗಾಡಿ ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೂ ಮನೆಯ ದಿನಚರಿ ನಿಲ್ಲಬಾರದು.

ನೋಡಲು ಹೋಗುವ ಹಿಂದಿನ ರಾತ್ರಿ ಮಾರುವವರಿಗೆ ಒಂದು ಫೋನ್ ಮಾಡಿ: "ನಾಳೆ ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಣ್ಣಾ." ಬೆಳಿಗ್ಗೆ ಬೇಗ ಹೋಗಿ. ಹೋದ ತಕ್ಷಣ ನಾಲ್ಕೂ ಮೂಲೆ ಒಂದೇ ಎತ್ತರದಲ್ಲಿದೆಯೇ ನೋಡಿ, ಆಮೇಲೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಮೊದಲ ಐದು ಸೆಕೆಂಡು ಯಾರೂ ಮಾತಾಡಬೇಡಿ. ಬಿಸಿಯಾಗಿದ್ದರೆ ಮಾರುವವರು ಕಾಫಿಗೆ ಕರೆದರೂ ಕೂರಬೇಡಿ, ವಾಪಸ್ ಬನ್ನಿ.